ಪಕ್ಷಾಂತರಿಗಳ ಗಣಿತ

"ತಿಕಡೇ ಗೇಲಂ ಕೀ ಚಿನ್ಹ ಬದಲತಂ." ಆ ಕಡೆ ಹೋದರೆ ಚಿಹ್ನೆ ಬದಲಾಗುತ್ತದೆ. ಹುಡುಗಿ ಇದನ್ನು ಕಣ್ಣು ಮುಚ್ಚಿ, ಶ್ಲೋಕ ಒಪ್ಪಿಸುವ ಹಾಗೆ ಒಪ್ಪಿಸಿದಳು. ಎಂಟನೇ ಕ್ಲಾಸು. ಅಪ್ಪ ಗೌಂಡಿ, ಇಂಡಿ ತಾಲೂಕಿನ ಕಡೆಯವರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಗಣಿತದ ಪುಸ್ತಕ ತೆರೆದರೆ ಮಾತ್ರ ಮಂತ್ರ.

ಇದೇ ಮಂತ್ರ ನನಗೆ ಮೂವತ್ತು ವರ್ಷದ ಹಿಂದೆ ಹಾಸನ ಜಿಲ್ಲೆಯ ಒಂದು ಊರಿನಲ್ಲಿ ಕನ್ನಡದಲ್ಲಿ ಸಿಕ್ಕಿತ್ತು. ನನ್ನ ಅಕ್ಕನ ಮಗನಿಗೆ ಬೆಂಗಳೂರಿನಲ್ಲಿ, ಲಕ್ಷಗಟ್ಟಲೆ ಫೀಸು ಕಟ್ಟಿದ ಮೇಲೆ, ಇಂಗ್ಲಿಷಿನಲ್ಲಿ ಸಿಕ್ಕಿದೆ. ಈ ದೇಶದಲ್ಲಿ ಬಡವ ಬಲ್ಲಿದ, ಕನ್ನಡ ಮರಾಠಿ ಎಂಬ ಭೇದವಿಲ್ಲದೆ ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿರುವ ವಸ್ತು ಇದೊಂದೇ ಇರಬೇಕು.

ಭೋರ್ ಬಗ್ಗೆ ಒಂದು ಮಾತು, ಗೊತ್ತಿಲ್ಲದವರಿಗೆ. ಪುಣೆಯಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರು. 1948ರವರೆಗೆ ಪಂತ ಸಚಿವರ ಸಂಸ್ಥಾನ. ಈಗ ತಾಲೂಕು ಕೇಂದ್ರ. ಸಂಸ್ಥಾನದ ರಾಜವಾಡೆ ಇನ್ನೂ ಇದೆ, ಸಿನಿಮಾದವರು ಆಗಾಗ ಬಂದು ಶೂಟಿಂಗ್ ಮಾಡುತ್ತಾರೆ. ಸುತ್ತ ಭತ್ತದ ಗದ್ದೆ, ಮಳೆಗಾಲದಲ್ಲಿ ಸಕಲೇಶಪುರವನ್ನು ನೆನಪಿಸುವ ಮಂಜು, ಪಕ್ಕದಲ್ಲೇ 1928ರ ಭಾಟಘರ್ ಅಣೆಕಟ್ಟು. ನಾನು ಶಿರವಳದ ಕಡೆಯ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. ಬಾಡಿಗೆ ಕಡಿಮೆ ಎಂದು ಇಲ್ಲಿದ್ದೇನೆ. ಊರಿನ ಪಕ್ಕ ಹರಿಯುವ ನೀರಾ ನದಿ ಪೂರ್ವಕ್ಕೆ ಹೋಗಿ ಭೀಮೆಗೆ ಸೇರುತ್ತದೆ, ಭೀಮೆ ಇಂಡಿಯ ಪಕ್ಕ ಹಾದು ಕಲಬುರಗಿಯ ಕಡೆ ಹೋಗುತ್ತದೆ. ಆ ಗೌಂಡಿಯ ಕುಟುಂಬ ತಮ್ಮ ಊರಿನ ನೀರಿಗೆ ಎದುರಾಗಿ ನಡೆದು ಬಂದು ನಮ್ಮ ಓಣಿಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದೆ.

ವಿಷಯ ಶುರುವಾದದ್ದು ನಮ್ಮ ಮನೆಯ ಅಂಗಳದಿಂದ. ಮಳೆಗೆ ಕೆಸರಾಗುತ್ತದೆಂದು ಮನೆ ಮಾಲಿಕರು ಮುರುಮ ತರಿಸಿದ್ದರು. ಅಂಗಳ 20 ಅಡಿಗೆ 30 ಅಡಿ. ಬಂದು ಬಿದ್ದದ್ದು ಮೂರು ಬ್ರಾಸ್. (ಈ ಕಡೆ ಮರಳು, ಜಲ್ಲಿ, ಮುರುಮ ಎಲ್ಲದಕ್ಕೂ ಅಳತೆ ಬ್ರಾಸ್. ಒಂದು ಬ್ರಾಸ್ ಎಂದರೆ ನೂರು ಘನ ಅಡಿ.) ಮೆಟ್ಟಿಲು ಮುಚ್ಚಿಹೋಗುತ್ತದೋ ಏನೋ ಎಂದು ನಾನು ಕೇಳಿದೆ. ಗೌಂಡಿ ತಲೆ ಎತ್ತದೆ ಹೇಳಿದರು:

"ಮೂರು ಬ್ರಾಸ್ ಅಂದ್ರ ಮುನ್ನೂರ್ರಿ ಸರ. ಆರುನೂರರಾಗ ಹರಡಿದ್ರ ಅರ್ಧ ಫೂಟ ಬರತೈತಿ. ಬಡದ ಮ್ಯಾಲ ಇನ್ನೂ ಕುಂದರತೈತಿ. ಮೆಟ್ಟಲಾ ಏನೂ ಆಗಂಗಿಲ್ಲ."

ಮೂರು ಸೆಕೆಂಡೂ ಹಿಡಿಯಲಿಲ್ಲ. ಮಗಳು ಪಕ್ಕದಲ್ಲೇ ಕಟ್ಟೆಯ ಮೇಲೆ ಪುಸ್ತಕ ಹಿಡಿದು ಕೂತಿದ್ದಳು. ಸುಮ್ಮನಿರಲಾರದೆ ಅವಳಿಗೆ ಅದೇ ಲೆಕ್ಕ ಬರೆದುಕೊಟ್ಟೆ. ಉದ್ದ ಗುಣಿಸು ಅಗಲ ಗುಣಿಸು ದಪ್ಪ, ಭಾಗಿಸು ನೂರು, ಸಮ ಬ್ರಾಸ್. ದಪ್ಪಕ್ಕೆ ‘ದ’ ಎಂದಿಟ್ಟುಕೊಂಡರೆ 6ದ = 3. ದಪ್ಪ ಎಷ್ಟು?

ಅವಳು ಕಣ್ಣು ಮುಚ್ಚಿ ಮಂತ್ರ ಹೇಳಿದಳು. ಆರು ಆ ಕಡೆ ಹೋಯಿತು. ಚಿಹ್ನೆ ಬದಲಾಯಿತು. ದ = 3 − 6. ಉತ್ತರ ಮೈನಸ್ ಮೂರು.

"ಮೈನಸ್ ಮೂರು ಅಡಿ ಅಂದ್ರೆ ಏನಮ್ಮಾ?" ಎಂದೆ. ಅವಳಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. ಗಣಿತದ ಉತ್ತರಕ್ಕೆ ಅರ್ಥವೂ ಇರಬೇಕೆಂದು ಅವಳನ್ನು ಈವರೆಗೆ ಯಾರೂ ಕೇಳಿರಲಿಲ್ಲ. ಅವರಪ್ಪ ನಕ್ಕರು. "ಅದು ಮುರುಮ ಹಾಕೂದಲ್ಲವ್ವಾ, ತಗ್ಗ ತೋಡೂದು." ಆಮೇಲೆ ನಗು ನಿಲ್ಲಿಸಿ ನನಗೆ ಹೇಳಿದ ಮಾತಿನಿಂದಲೇ ಈ ಲೇಖನ ಬರೆಯುತ್ತಿದ್ದೇನೆ: "ಈಕಿಗೆ ಗಣಿತ ತಲಿಗೆ ಹತ್ತವಲ್ದರಿ ಸರ. ಮಾಸ್ತರೂ ಅದನ್ನ ಹೇಳ್ಯಾರ. ಈ ವರ್ಷ ನೋಡಿ ಸಾಲಿ ಬಿಡಸೂನು ಅಂತ ಮಾಡೇವಿ."

ಗಮನಿಸಿ. ಬೀಜಗಣಿತವನ್ನು ಒಂದೇ ಉಸಿರಿಗೆ ಬಾಯಲ್ಲೇ ಮಾಡುವ ಮನುಷ್ಯ, ಬೀಜಗಣಿತ ಬರುವುದಿಲ್ಲವೆಂದು ಮಗಳನ್ನು ಶಾಲೆ ಬಿಡಿಸಲು ಹೊರಟಿದ್ದಾನೆ. ಆ ತಲೆಗೆ ಗಣಿತ ಹತ್ತದಿರುವುದು ನಿಜವಲ್ಲ. ಹತ್ತದಂತೆ ನಾವು ಅಡ್ಡ ಕಟ್ಟಿದ್ದೇವೆ. ನನ್ನ ಜಗಳ ಅದರ ಬಗ್ಗೆ.

ನಮ್ಮ ಕನ್ನಡ ಶಾಲೆಯಲ್ಲಿ ಈ ಮಂತ್ರಕ್ಕೆ ಒಂದು ಹೆಸರಿತ್ತು: ಪಕ್ಷಾಂತರ. ಸಮಚಿಹ್ನೆಯ ಎಡಕ್ಕೊಂದು ಪಕ್ಷ, ಬಲಕ್ಕೊಂದು ಪಕ್ಷ. ಇಲ್ಲಿದ್ದವನು ಅಲ್ಲಿಗೆ ಹಾರಿದರೆ ಬಣ್ಣ ಬದಲಾಗುತ್ತದೆ. ಕೂಡುವವನಾಗಿದ್ದವನು ಕಳೆಯುವವನಾಗುತ್ತಾನೆ, ಗುಣಿಸುವವನಾಗಿದ್ದವನು ಭಾಗಿಸುವವನಾಗುತ್ತಾನೆ. ಯಾಕೆ ಎಂದು ಕೇಳಬಾರದು. ವಿಧಾನಸೌಧದ ಪಕ್ಷಾಂತರಕ್ಕೆ 1985ರಲ್ಲಿ ಸಂವಿಧಾನದ 52ನೇ ತಿದ್ದುಪಡಿ ಬಂತು, ಅದು ಎಷ್ಟು ಕೆಲಸ ಮಾಡಿದೆ ಎಂಬುದು ಬೇರೆ ಮಾತು. ಶಾಲೆಯ ಪಕ್ಷಾಂತರಕ್ಕೆ ಯಾವ ಕಾಯ್ದೆಯೂ ಇಲ್ಲ. ಅಲ್ಲೂ ಇಲ್ಲೂ ತತ್ವ ಮಾತ್ರ ಒಂದೇ: ಹಾರಿದ್ದು ಕಾಣಬೇಕು, ಕಾರಣ ಕಾಣಬಾರದು.

ಆದರೆ ಸಂಖ್ಯೆ ಎಲ್ಲಿಗೂ ಹಾರುವುದಿಲ್ಲ. ಎರಡು ಕಡೆ ಸಮವಾಗಿದ್ದರೆ, ಎರಡೂ ಕಡೆ ಒಂದೇ ಕೆಲಸ ಮಾಡಿದರೆ ಆಮೇಲೂ ಸಮವಾಗಿಯೇ ಇರುತ್ತವೆ. ಇಷ್ಟೇ. 6ದ = 3 ಎಂದರೆ ಆರು ಪಾಲು ದಪ್ಪ ಸೇರಿ ಮೂರಾಗಿದೆ; ಎರಡೂ ಕಡೆಯನ್ನು ಆರು ಪಾಲು ಮಾಡಿದರೆ ಒಂದು ದಪ್ಪ ಅರ್ಧ ಅಡಿ. ಮಂತ್ರ ಹೇಳುವ ಹುಡುಗಿಗೆ ‘ಬದಲಾಗುವುದು’ ಕೂಡುವ ಚಿಹ್ನೆಯೋ ಗುಣಿಸುವ ಚಿಹ್ನೆಯೋ ಎಂಬುದು ತಿಳಿಯುವುದಾದರೂ ಹೇಗೆ? 6 ಮತ್ತು ದ ನಡುವೆ ಚಿಹ್ನೆಯನ್ನೇ ಬರೆದಿರುವುದಿಲ್ಲ. ಕಾಣದ ಚಿಹ್ನೆ ಬದಲಾಗಬೇಕು. ಕೆಲವು ಮಕ್ಕಳು ಕಳೆಯುತ್ತಾರೆ. ಕೆಲವರು ಭಾಗಿಸುವುದನ್ನು ನೆನಪಿಟ್ಟುಕೊಂಡು, ಮಂತ್ರಕ್ಕೂ ಗೌರವ ಕೊಟ್ಟು, ಮೈನಸ್ ಆರರಿಂದ ಭಾಗಿಸುತ್ತಾರೆ. ಎರಡೂ ತಪ್ಪು, ಎರಡೂ ಮಂತ್ರಕ್ಕೆ ಪೂರ್ತಿ ನಿಷ್ಠೆ. ನಾವು ಅದಕ್ಕೆ ಸೊನ್ನೆ ಕೊಟ್ಟು ಮಗುವಿನ ತಲೆ ಸರಿಯಿಲ್ಲ ಎನ್ನುತ್ತೇವೆ.

ಇನ್ನು ಕೋಚಿಂಗ್ ಕ್ಲಾಸಿನ ತ್ರಿಕೋನ. ದೂರ, ವೇಗ, ಕಾಲ; ವೋಲ್ಟೇಜ್, ಕರೆಂಟ್, ರೆಸಿಸ್ಟೆನ್ಸ್. ಒಂದು ತ್ರಿಕೋನ ಬರೆದು ಮೂರು ಮೂಲೆಗೆ ಮೂರನ್ನು ಹಾಕಿ, ಯಾವುದು ಬೇಕೋ ಅದರ ಮೇಲೆ ಹೆಬ್ಬೆರಳಿಟ್ಟು ಮುಚ್ಚಬೇಕು, ಉಳಿದದ್ದೇ ಸೂತ್ರ. ಪುಣೆಯ ಗೋಡೆಗೋಡೆಯ ಮೇಲೆ ರ‍್ಯಾಂಕ್ ಪಡೆದವರ ಫೋಟೋ ಹಾಕಿಕೊಳ್ಳುವ ಈ ಕ್ಲಾಸುಗಳಲ್ಲಿ ಕಲಿಸುವುದು ಇದನ್ನು. ನಮ್ಮಜ್ಜಂದಿರು ಸಾಲಪತ್ರಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದರು, ಮೊಮ್ಮಕ್ಕಳು ಸೂತ್ರಕ್ಕೆ ಒತ್ತುತ್ತಿದ್ದಾರೆ. ಇಬ್ಬರಿಗೂ ಒಳಗೆ ಏನು ಬರೆದಿದೆ ಎಂದು ಗೊತ್ತಿಲ್ಲ. ತ್ರಿಕೋನದಲ್ಲಿ ಮೂರಕ್ಕಿಂತ ಹೆಚ್ಚು ಹಿಡಿಸುವುದಿಲ್ಲ. ಮೊದಲ ವೇಗಕ್ಕೆ ವೇಗೋತ್ಕರ್ಷ ಗುಣಿಸು ಕಾಲವನ್ನು ಕೂಡಿದರೆ ಕೊನೆಯ ವೇಗ ಎಂಬ ಸಾದಾ ಸೂತ್ರ ಬಂದ ದಿನ ಹೆಬ್ಬೆರಳು ಎಲ್ಲಿಡಬೇಕೆಂದು ತಿಳಿಯದೆ ಹುಡುಗ ಫಿಸಿಕ್ಸ್ ಬಿಡುತ್ತಾನೆ.

ಈಗ ಭಾಸ್ಕರಾಚಾರ್ಯರ ಹತ್ತಿರ ಹೋಗೋಣ. ಹೋಗಲೇಬೇಕು, ಯಾಕೆಂದರೆ ಇಲ್ಲಿನ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಆಗಾಗ ಆ ಯುದ್ಧ ಆಗುತ್ತಿರುತ್ತದೆ. 1114ರಲ್ಲಿ ಹುಟ್ಟಿದ, 1150ರಲ್ಲಿ ‘ಸಿದ್ಧಾಂತ ಶಿರೋಮಣಿ’ ಬರೆದ ಭಾಸ್ಕರ ನಮ್ಮವನೋ ಅವರವನೋ? ವಿಜ್ಜಡವಿಡ ಎಂದು ಅವನು ತನ್ನೂರಿನ ಹೆಸರು ಹೇಳಿದ್ದಾನೆ. ಅದು ನಮ್ಮ ವಿಜಯಪುರವೇ ಎಂದು ನಾವು. ಅಲ್ಲ, ಚಾಳೀಸಗಾಂವ್ ಹತ್ತಿರದ ಪಾಟಣದಲ್ಲಿ ಅವನ ಮೊಮ್ಮಗ ಚಾಂಗದೇವ ಅಜ್ಜನ ಗ್ರಂಥಗಳ ಪಾಠಕ್ಕೆಂದು ಮಠ ಸ್ಥಾಪಿಸಿದ 1207ರ ಶಾಸನವಿದೆ ಎಂದು ಅವರು. ಊರು ಸಹ್ಯಾದ್ರಿಯ ಆಸರೆಯಲ್ಲಿತ್ತು ಎಂದೂ ಹೇಳಿದ್ದಾನೆ. ಹಾಗೆ ನೋಡಿದರೆ ಭೋರ್ ಕೂಡ ಒಂದು ಅರ್ಜಿ ಹಾಕಬಹುದು, ನಮ್ಮ ಕಿಟಕಿ ತೆಗೆದರೆ ಸಹ್ಯಾದ್ರಿಯೇ. ಈ ಯುದ್ಧದಲ್ಲಿ ತೊಡಗಿದ ಇನ್ನೂರು ಜನರಲ್ಲಿ ಅವನ ‘ಬೀಜಗಣಿತ’ದ ಒಂದು ಲೆಕ್ಕವನ್ನಾದರೂ ಮಾಡಿದವರು ಎಷ್ಟು? ನಾನು ಗುಂಪಿನಲ್ಲಿ ಒಂದು ಲೆಕ್ಕ ಹಾಕಿದೆ. ಎರಡು ದಿನ ಯಾರೂ ಮಾತಾಡಲಿಲ್ಲ. ಮೂರನೇ ದಿನ ಯಾರೋ ಗುಡ್ ಮಾರ್ನಿಂಗ್ ಹೂವು ಕಳಿಸಿದರು.

ಆ ಲೆಕ್ಕ ಇದು. ಒಬ್ಬನ ಹತ್ತಿರ 300 ನಾಣ್ಯ ಮತ್ತು 6 ಕುದುರೆ. ಇನ್ನೊಬ್ಬನ ಹತ್ತಿರ 10 ಕುದುರೆ, ಆದರೆ 100 ನಾಣ್ಯ ಸಾಲ. ಕುದುರೆಗಳೆಲ್ಲ ಒಂದೇ ಬೆಲೆಯವು, ಇಬ್ಬರ ಆಸ್ತಿಯೂ ಸಮ. ಕುದುರೆಯ ಬೆಲೆ ಎಷ್ಟು?

ಭಾಸ್ಕರನ ಕಾಲದಲ್ಲಿ ಇದನ್ನು ಬರೆಯುತ್ತಿದ್ದ ರೀತಿ ನೋಡಬೇಕು. ತಿಳಿಯದ ಸಂಖ್ಯೆಗೆ ‘ಯಾವತ್ತಾವತ್’ ಎಂದು ಹೆಸರು, ಎಷ್ಟೋ ಅಷ್ಟು ಎಂದು ಅರ್ಥ. ಮೊದಲ ಅಕ್ಷರ ‘ಯಾ’ ಬರೆದರೆ ಸಾಕು. ತಿಳಿದ ಸಂಖ್ಯೆಗೆ ‘ರೂ’. ಕಳೆಯುವ ಸಂಖ್ಯೆಯಾದರೆ ತಲೆಯ ಮೇಲೊಂದು ಚುಕ್ಕಿ. ಎರಡು ಪಕ್ಷಗಳನ್ನು ಅಕ್ಕಪಕ್ಕ ಬರೆಯುತ್ತಿರಲಿಲ್ಲ, ಒಂದರ ಕೆಳಗೊಂದು ಬರೆಯುತ್ತಿದ್ದರು:

ಯಾ 6 ರೂ 300
ಯಾ 10 ರೂ −100

(ಚುಕ್ಕಿಯ ಬದಲು ನಾನು ಮೈನಸ್ ಹಾಕಿದ್ದೇನೆ.) ಪಕ್ಷ ಎಂಬ ಪದ ಅವರದೇ. ಆದರೆ ಅಂತರ ಇಲ್ಲ, ಹಾರುವ ಗೋಡೆ ಇಲ್ಲ. ಸಮಚಿಹ್ನೆ ಎಂಬ ಜೋಡಿಗೆರೆಯನ್ನು ಇಂಗ್ಲೆಂಡಿನ ರಾಬರ್ಟ್ ರೆಕಾರ್ಡ್ ಅಚ್ಚು ಹಾಕಿಸಿದ್ದು 1557ರಲ್ಲಿ, ಭಾಸ್ಕರನಿಗೆ ನಾಲ್ಕು ಶತಮಾನದ ಆಮೇಲೆ. ಮೇಲೆ ಕೆಳಗೆ ಬರೆದ ಎರಡು ಸಾಲನ್ನು ಕಂಡ ಕೂಡಲೇ ಕಣ್ಣು ಏನು ಮಾಡುತ್ತದೆ? ಹೋಲಿಸುತ್ತದೆ. ಒಂದು ಸಾಲಿನ ಯಾ ಇನ್ನೊಂದು ಸಾಲಿನ ಯಾ-ದಿಂದ ಕಳೆ, ಆ ಸಾಲಿನ ರೂ ಈ ಸಾಲಿನ ರೂ-ದಿಂದ ಕಳೆ, ಉಳಿದದ್ದನ್ನು ಉಳಿದದ್ದರಿಂದ ಭಾಗಿಸು. ಇದಕ್ಕೆ ಸಮಶೋಧನ ಎಂದು ಹೆಸರು. ಸಮವಾದದ್ದನ್ನು ಎರಡೂ ಕಡೆಯಿಂದ ತೆಗೆದು ಶುದ್ಧ ಮಾಡುವುದು, ಅಕ್ಕಿ ಆರಿಸಿದ ಹಾಗೆ. ಸಮೀಕರಣ ಎಂದರೂ ಸಮ ಮಾಡುವುದು, ಅದೊಂದು ಕೆಲಸ. ಈಗ ನಮ್ಮ ಪತ್ರಿಕೆಗಳಲ್ಲಿ ಸಮೀಕರಣ ಎಂದರೆ ಜಾತಿ ಸಮೀಕರಣ ಮಾತ್ರ, ಅದರಲ್ಲಿ ಯಾವುದೂ ಸಮವಾಗಿದ್ದನ್ನು ನಾನು ಕಂಡಿಲ್ಲ.

ಪರ್ಷಿಯಾದ ಕಡೆಯ ಅಲ್ ಖ್ವಾರಿಜ್ಮಿ ಒಂಬತ್ತನೇ ಶತಮಾನದಲ್ಲಿ ಬಾಗ್ದಾದಿನಲ್ಲಿ ಕೂತು ಇದೇ ಕೆಲಸವನ್ನು ಎರಡು ಹೆಜ್ಜೆ ಮಾಡಿದ: ಅಲ್ ಜಬ್ರ್, ಅಂದರೆ ಕಡಿಮೆ ಬಿದ್ದದ್ದನ್ನು ತುಂಬಿಕೊಡುವುದು; ಅಲ್ ಮುಕಾಬಲಾ, ಎದುರುಬದುರು ಇಟ್ಟು ಸಮವಾದದ್ದನ್ನು ತೆಗೆಯುವುದು. ಜಬ್ರ್ ಎಂದರೆ ಮುರಿದ ಮೂಳೆ ಕೂಡಿಸುವುದೂ ಹೌದು. ಸ್ಪೇನಿನಲ್ಲಿ ಮೂಳೆ ಕೂಡಿಸುವವನನ್ನು ಆಲ್ಜಿಬ್ರಿಸ್ಟಾ ಎನ್ನುತ್ತಿದ್ದರಂತೆ, ನಮ್ಮ ಪುತ್ತೂರು ಕಟ್ಟಿನವರ ಹಾಗೆ. ಆ ಪುಸ್ತಕದ ಹೆಸರೇ ಆಲ್ಜಿಬ್ರಾ ಆಯಿತು. ಅವನಲ್ಲೂ ಎಲ್ಲಿಯೂ ಯಾರೂ ಹಾರುವುದಿಲ್ಲ.

ಕುದುರೆಯ ಲೆಕ್ಕವನ್ನು ನಾನು ಆ ಹುಡುಗಿಗೆ ಅವರ ಶೆಡ್ಡಿನಲ್ಲೇ ಕೂತು ಹೇಳಿದೆ, ಸಿಮೆಂಟು ಚೀಲದ ಕಾಗದದ ಮೇಲೆ ಎರಡು ಸಾಲು ಬರೆದು. ಅವಳು ಪೆನ್ಸಿಲ್ ಕಚ್ಚುತ್ತಿದ್ದಳು. ರೊಟ್ಟಿ ಬಡಿಯುತ್ತಿದ್ದ ತಾಯಿ, ಒಂದು ದಿನವೂ ಶಾಲೆ ಕಾಣದ ಹೆಂಗಸು, ತಿರುಗಿ ಕೂಡ ನೋಡದೆ ಹೇಳಿದರು: "ಅವನ ಕಡೆ ನಾಕ ಕುದುರಿ ಹೆಚ್ಚ ಅದಾವು. ರೊಕ್ಕ ನಾಕನೂರು ಕಡಿಮಿ ಐತಿ. ಮತ್ತ ಕುದುರಿಗೆ ನೂರ ಆಗಲಿಲ್ಲೇನು?"

ಸಾಲದ ನೂರನ್ನು ಮುನ್ನೂರಕ್ಕೆ ಕೂಡಿಸಬೇಕು ಎಂದು ಆಕೆಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸಾಲ ಎಂದರೆ ಏನು ಎಂದು ಗೊತ್ತಿರುವವರಿಗೆ ಮೈನಸ್ ಎಂದರೆ ಏನು ಎಂದು ಬೇರೆ ಹೇಳಬೇಕಾಗಿಲ್ಲ. ಎಂಟನೇ ಕ್ಲಾಸಿನ ಮಗಳಿಗೆ ಒಪ್ಪಿಸಿಬಿಟ್ಟ ಮಂತ್ರ ಎಷ್ಟು ಗಟ್ಟಿ ಎಂದರೆ, ಸ್ವಂತ ಅವ್ವನ ತಲೆಯಲ್ಲಿರುವುದು ಅವಳ ತಲೆಗೆ ಇಳಿಯದಂತೆ ತಡೆದಿದೆ.

ಮೇಷ್ಟ್ರುಗಳ ಕಡೆಯ ಮಾತನ್ನೂ ಕೇಳಬೇಕು, ನನ್ನ ಸೋದರಮಾವ ಮೇಷ್ಟ್ರಾಗಿದ್ದವರು, ಫೋನಿನಲ್ಲಿ ನನ್ನನ್ನು ಚೆನ್ನಾಗಿ ಬೈದರು. "ಅರವತ್ತು ಮಕ್ಕಳು ಕಣೋ. ನಲವತ್ತು ನಿಮಿಷ. ಎರಡೂ ಕಡೆ ಕಳೆ, ಎರಡೂ ಕಡೆ ಭಾಗಿಸು ಅಂತ ಒಂದೊಂದು ಹೆಜ್ಜೆನೂ ಬರೆಸ್ತಾ ಕೂತರೆ ಜನವರಿಗೆ ಮೊದಲ ಅಧ್ಯಾಯ ಮುಗಿಯತ್ತೆ. ನೀನೇನು ಪ್ರತಿಸಲ ಎರಡೂ ಕಡೆ ಬರೀತೀಯಾ?" ಇಲ್ಲ, ಬರೆಯುವುದಿಲ್ಲ. ಯಾರೂ ಬರೆಯುವುದಿಲ್ಲ. ದಾರಿ ಗೊತ್ತಿರುವವನು ಅಡ್ಡದಾರಿ ಹಿಡಿದರೆ ತಪ್ಪಿಲ್ಲ. ಊರನ್ನೇ ಕಾಣದವನನ್ನು ಮೊದಲ ದಿನವೇ ಅಡ್ಡದಾರಿಗೆ ಬಿಟ್ಟು, ಅವನು ಹಳ್ಳಕ್ಕೆ ಬಿದ್ದಾಗ ಕಣ್ಣು ಸರಿಯಿಲ್ಲ ಎಂದರೆ ಅದು ಅನ್ಯಾಯ. ಮಾವ ಒಪ್ಪಲಿಲ್ಲ. ಅರವತ್ತು ಮಕ್ಕಳ ಮಾತು ನಿಜವೇ, ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಆದರೆ ಅದು ಸರ್ಕಾರಕ್ಕೆ ಕೇಳಬೇಕಾದ ಪ್ರಶ್ನೆ, ಮಂತ್ರಕ್ಕೆ ಸಮರ್ಥನೆಯಲ್ಲ.

ಮಾವ ಇನ್ನೊಂದು ಮಾತು ಹೇಳಿದರು, ಅದು ತೂಕದ್ದು. ಮಂತ್ರ ಹಳೆಯದು, ಆರ್ಯಭಟನೇ ಹೇಳಿದ್ದಾನಲ್ಲ, ಎಂದರು. ನಿಜ. 499ರ ‘ಆರ್ಯಭಟೀಯ’ದಲ್ಲಿ ವಿಲೋಮ ವಿಧಿ ಇದೆ: ಕೊನೆಯಿಂದ ಹಿಂದಕ್ಕೆ ಬಂದರೆ ಗುಣಿಸಿದ್ದು ಭಾಗಿಸುವುದಾಗುತ್ತದೆ, ಕೂಡಿದ್ದು ಕಳೆಯುವುದಾಗುತ್ತದೆ. ಭಾಸ್ಕರನ ‘ಲೀಲಾವತಿ’ಯಲ್ಲೂ ಇದೆ. ಆದರೆ ಅದರ ಅರ್ಥ ಬೇರೆ. ಅದು ಮಾಡಿದ್ದನ್ನು ಬಿಚ್ಚುವುದು. ಮೊದಲು ಕಾಲುಚೀಲ ಆಮೇಲೆ ಶೂ ಹಾಕಿಕೊಂಡವನು ಮೊದಲು ಶೂ ಆಮೇಲೆ ಕಾಲುಚೀಲ ತೆಗೆಯುವ ಹಾಗೆ. ಯಾಕೆ ಬದಲಾಗುತ್ತದೆ ಎಂಬುದು ಆ ಮಾತಿನೊಳಗೇ ಇದೆ: ಹಿಂದಕ್ಕೆ ಬರುತ್ತಿದ್ದೇವೆ, ಅದಕ್ಕೆ. ಮತ್ತೆ ಅದು ತಿಳಿಯದ ಸಂಖ್ಯೆ ಒಂದೇ ಸಲ ಬಂದಾಗ ಮಾತ್ರ ನಡೆಯುತ್ತದೆ. ಕುದುರೆ ಇಬ್ಬರ ಮನೆಯಲ್ಲೂ ಇದ್ದಾಗ ಬಿಚ್ಚುವುದು ಎಲ್ಲಿಂದ? ಅಲ್ಲಿಗೆ ಸಮಶೋಧನವೇ ಬೇಕು. ಎರಡು ಬೇರೆ ಬೇರೆ ಉಪಾಯಗಳನ್ನು ಕಂಡುಕೊಂಡವರ ಮೊಮ್ಮಕ್ಕಳು ನಾವು ಎರಡನ್ನೂ ಬೆರೆಸಿ ಅರೆದು ಒಂದು ತಾಯಿತ ಮಾಡಿ ಮಕ್ಕಳ ಕೊರಳಿಗೆ ಕಟ್ಟಿದ್ದೇವೆ.

ಇಷ್ಟು ಹೊತ್ತು ಮೇಷ್ಟ್ರಿಗೆ, ಕೋಚಿಂಗಿನವರಿಗೆ ಬೈದದ್ದಾಯಿತು. ಈ ಪತ್ರಿಕೆ ಓದುವವರು ನೀವು, ನಿಮಗೂ ಸ್ವಲ್ಪ ಇದೆ. ಸಾಹಿತ್ಯ ಸಭೆಗಳಲ್ಲಿ, ಪುಸ್ತಕ ಬಿಡುಗಡೆಗಳಲ್ಲಿ ನಾನು ಅತಿ ಹೆಚ್ಚು ಕೇಳಿದ ಜೋಕು ಯಾವುದು ಗೊತ್ತೆ? "ಅಯ್ಯೋ, ಗಣಿತಕ್ಕೂ ನನಗೂ ಎಣ್ಣೆ ಸೀಗೆಕಾಯಿ." ಹೇಳಿದವರು ಹೆಮ್ಮೆಯಿಂದ ಹೇಳುತ್ತಾರೆ, ಕೇಳಿದವರು ಪ್ರೀತಿಯಿಂದ ನಗುತ್ತಾರೆ. ಸೂಕ್ಷ್ಮ ಮನಸ್ಸಿಗೆ ಗಣಿತ ಬರಬಾರದು ಎಂಬಂತೆ. ಇದೇ ಸಭೆಯಲ್ಲಿ ಯಾರಾದರೂ "ನನಗೆ ಕುವೆಂಪು ಬೇಂದ್ರೆ ಎಲ್ಲ ತಲೆಗೆ ಹತ್ತೋದಿಲ್ಲ" ಎಂದು ಹೆಮ್ಮೆಯಿಂದ ಹೇಳಲಿ ನೋಡೋಣ. ಆ ಬೇಂದ್ರೆಯವರೇ ಸಂಖ್ಯೆಗಳ ಹಿಂದೆ ಎಷ್ಟು ಬಿದ್ದಿದ್ದರು ಎಂಬುದನ್ನು ಈ ನಗುವವರು ಮರೆತಿರುತ್ತಾರೆ.

ಮತ್ತೆ ‘ಕವಿರಾಜಮಾರ್ಗ’ದ ಬಗ್ಗೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲ, ಒಂಬತ್ತನೇ ಶತಮಾನ, ಮಾನ್ಯಖೇಟ. ಅದೇ ಅರಸನ ಆಶ್ರಯದಲ್ಲಿ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಸಂಸ್ಕೃತದಲ್ಲಿ, ಬರೀ ಗಣಿತಕ್ಕೆಂದೇ ಮೀಸಲಾದ ಪುಸ್ತಕ. 1912ರಲ್ಲಿ ಮದ್ರಾಸಿನಲ್ಲಿ ರಂಗಾಚಾರ್ಯರು ಇಂಗ್ಲಿಷಿಗೆ ತಂದರು. ಹನ್ನೆರಡನೇ ಶತಮಾನದಲ್ಲಿ ರಾಜಾದಿತ್ಯ ಎಂಬ ಜೈನ ಕವಿ ಕನ್ನಡದಲ್ಲೇ, ಪದ್ಯದಲ್ಲೇ, ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಬರೆದ. ಕವಿಗಳ ಸಾಲಿನಲ್ಲಿ ಅವನ ಹೆಸರು ಎಷ್ಟು ಸಲ ಕೇಳಿದ್ದೀರಿ? ಕನ್ನಡ ಎಂ.ಎ. ಮಾಡಿದವರನ್ನು ಕೇಳಿದೆ, ಹೆಸರು ಪರೀಕ್ಷೆಗೆ ಓದಿದ ನೆನಪು ಎಂದರು. ಮಳಖೇಡ ಕಾಗಿಣಾ ನದಿಯ ದಂಡೆಯಲ್ಲಿದೆ, ಕಾಗಿಣಾ ಹೋಗಿ ಭೀಮೆಗೇ ಸೇರುತ್ತದೆ. ನಮ್ಮ ಓಣಿಯ ಗೌಂಡಿಯ ನದಿ.

ಕನ್ನಡ ಉಳಿಸುವುದು ಎಂದರೆ ಕಥೆ ಕವಿತೆ ಉಳಿಸುವುದು ಎಂದು ನಾವು ತೀರ್ಮಾನ ಮಾಡಿಕೊಂಡಾಗ ಲೆಕ್ಕದ ಕನ್ನಡವನ್ನು ಬಿಟ್ಟುಕೊಟ್ಟೆವು. ಆ ತಾಯಿ ಹೇಳಿದ ವಾಕ್ಯವನ್ನು ಇನ್ನೊಮ್ಮೆ ಓದಿ. ಅದರಲ್ಲಿ ಸಮಶೋಧನ ಪೂರ್ತಿ ಇದೆ, ಸೊಗಸಾದ ಕನ್ನಡದಲ್ಲಿದೆ. ಅದನ್ನು ಪಾಠದ ಪುಸ್ತಕಕ್ಕೆ ತರುವ ಬರಹಗಾರ ಯಾರು? ನಾವು ನವೆಂಬರ್ ಒಂದಕ್ಕೆ ಪುಣೆಗೆ ಹೋಗಿ ಶಾಲು ಹೊದ್ದು ಬರುತ್ತೇವೆ.

"ಬೀಜಗಣಿತದಿಂದ ಬದುಕಿನಲ್ಲಿ ಏನು ಉಪಯೋಗ?" ಎಂಬುದು ಈ ಜನರ ಇನ್ನೊಂದು ಪ್ರಶ್ನೆ. ಅದಕ್ಕೆ ವಾದ ಮಾಡುವುದಕ್ಕಿಂತ ಆಮೇಲೆ ನಡೆದದ್ದನ್ನು ಹೇಳುತ್ತೇನೆ.

ಹುಡುಗಿ ಆರು ವಾರ ಸಂಜೆ ಬಂದಳು. ಮಂತ್ರ ಬಿಡಿಸಲು ಎರಡು ವಾರ ಹಿಡಿಯಿತು. ತಕ್ಕಡಿ ಬರೆದು ತೋರಿಸಿದೆ; ಅವಳು ತಕ್ಕಡಿ ಸರಿಯಾಗಿ ನೋಡಿಯೇ ಇರಲಿಲ್ಲ, ಪೇಟೆಯಲ್ಲಿ ಈಗ ಎಲ್ಲ ಕಡೆ ಎಲೆಕ್ಟ್ರಾನಿಕ್ ಕಾಟಾ. ಎರಡು ಸಾಲು ಮೇಲೆ ಕೆಳಗೆ ಬರೆಯುವುದೇ ಅವಳಿಗೆ ಹಿಡಿಸಿತು. ಒಂದು ಸಂಜೆ ಪುಸ್ತಕದ ಬದಲು ಒಂದು ಮಡಿಸಿದ ಕಾಗದ ತಂದಳು. ಅಪ್ಪ ಹಳೆಯ ಟೆಂಪೋ ತೆಗೆದುಕೊಳ್ಳಲು ಒಂದು ಫೈನಾನ್ಸ್ ಕಂಪನಿಯಲ್ಲಿ ಮಾಡಿದ ಸಾಲ. 1,00,000 ರೂಪಾಯಿ, ವರ್ಷಕ್ಕೆ 10 ಪರ್ಸೆಂಟ್, 36 ಕಂತು, ಕಂತಿಗೆ 3,611.

"ಸರ, ಇದರಾಗ ಬಡ್ಡಿ ಬ್ಯಾರೆ ಮಾಡೂದು ಹ್ಯಾಂಗರಿ?"

ಏಜೆಂಟಿನ ಲೆಕ್ಕ ಸರಳ: ವರ್ಷಕ್ಕೆ 10,000ದಂತೆ ಮೂರು ವರ್ಷಕ್ಕೆ 30,000 ಬಡ್ಡಿ, ಅಸಲು ಕೂಡಿಸಿ 36ರಿಂದ ಭಾಗಿಸಿದ್ದಾನೆ. ಅವಳೇ ಅದನ್ನು ಬಿಚ್ಚಿದಳು. ಆದರೆ ಅವಳಿಗೆ ಇನ್ನೊಂದು ಅನುಮಾನ ಬಂದಿತ್ತು. ಪ್ರತಿ ತಿಂಗಳೂ ಅಸಲು ಸ್ವಲ್ಪ ತೀರುತ್ತಾ ಹೋಗುತ್ತದೆ, ಕೊನೆಯ ವರ್ಷ ಅಪ್ಪನ ಹತ್ತಿರ ಅವರ ದುಡ್ಡು ಲಕ್ಷ ಎಲ್ಲಿರುತ್ತದೆ? ಮತ್ತೆ ಲಕ್ಷಕ್ಕೇ ಬಡ್ಡಿ ಯಾಕೆ?

ನಾನು ನಿಜ ಹೇಳಬೇಕಾಯಿತು. ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕುವ ಕಂತಿನ ಸೂತ್ರದಲ್ಲಿ ಕಂತನ್ನು ಬೇರೆ ಮಾಡಬಹುದು, ಅಸಲನ್ನು ಬೇರೆ ಮಾಡಬಹುದು, ಲಾಗರಿದಮ್ ಬಂದರೆ ತಿಂಗಳ ಸಂಖ್ಯೆಯನ್ನೂ ಬೇರೆ ಮಾಡಬಹುದು. ಬಡ್ಡಿ ದರವನ್ನು ಮಾತ್ರ ಒಂದು ಕಡೆ ಒಂಟಿಯಾಗಿ ನಿಲ್ಲಿಸಲು ಬರುವುದಿಲ್ಲ. ಅದು ಹೊರಗೂ ಇದೆ, ಘಾತದ ಒಳಗೂ ಇದೆ. ಐದು ಮತ್ತು ಅದಕ್ಕಿಂತ ಮೇಲಿನ ಘಾತದ ಸಮೀಕರಣಗಳಿಗೆ ಎಲ್ಲಕ್ಕೂ ಹೊಂದುವ ಸೂತ್ರವೇ ಇಲ್ಲವೆಂದು 1824ರಲ್ಲಿ ನಾರ್ವೆಯ ಏಬಲ್ ಎಂಬ ಹುಡುಗ ತೋರಿಸಿದ; ಇಲ್ಲಿರುವುದು 36ರ ಘಾತ. ಯಾವ ಪಕ್ಷಾಂತರವೂ ನಡೆಯದ ಜಾಗ ಇದು. ಬಡ್ಡಿಯನ್ನು ಅಡಗಿಸಿಡಲು ಇದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಈಗ ನಿಜವಾದ ವಾರ್ಷಿಕ ದರವನ್ನು ಸಾಲಗಾರನಿಗೆ ಬೇರೆ ಹಾಳೆಯಲ್ಲಿ ಬರೆದು ಕೊಡಬೇಕೆಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಈ ಕಾಗದ ಅದಕ್ಕಿಂತ ಹಳೆಯದು.

"ಹಂಗಾದ್ರ ಗೊತ್ತ ಆಗಂಗ ಇಲ್ಲೇನ್ರಿ?"

ಆಗುತ್ತದೆ. ಊಹಿಸಿ ಹಾಕಿ ನೋಡಬೇಕು, ಎರಡು ಕಡೆ ಸಮವಾಗುತ್ತದೋ ಇಲ್ಲವೋ ಎಂದು. ಉದ್ದ ನೋಟ್‌ಬುಕ್ಕಿನಲ್ಲಿ 36 ಸಾಲು ಹಾಕಿದೆವು. ಉಳಿದ ಅಸಲು, ಆ ತಿಂಗಳ ಬಡ್ಡಿ, ಕಂತು, ಮತ್ತೆ ಉಳಿದದ್ದು. ಮೊದಲು 10 ಪರ್ಸೆಂಟ್ ಹಾಕಿದಳು. ಮೂವತ್ತಾರನೇ ಕಂತಿಗೆ ಬಹಳ ಮುಂಚೆಯೇ ಸಾಲ ತೀರಿ ಕಂಪನಿಯೇ ನಮಗೆ ಕೊಡಬೇಕಾಗಿ ಬಂತು. ನಿಜವಾದ 10 ಪರ್ಸೆಂಟಿಗೆ ಕಂತು 3,227 ಸಾಕು, ಮೂರು ವರ್ಷದ ಒಟ್ಟು ಬಡ್ಡಿ 16,160ರ ಹತ್ತಿರ. 15 ಹಾಕಿದಳು. ಆಗಲೂ ಮುಂಚೆಯೇ ತೀರಿತು. ಮರುದಿನ 18 ಹಾಕಿಕೊಂಡು ಬಂದಳು, ಕೊನೆಯ ಸಾಲಿನಲ್ಲಿ ಇನ್ನೂರು ರೂಪಾಯಿಯಷ್ಟು ಉಳಿದಿತ್ತು. ಹದಿನೆಂಟಕ್ಕೆ ಕೂದಲೆಳೆ ಕಡಿಮೆ.

ಅಪ್ಪನಿಗೆ ಅವಳೇ ತೋರಿಸಿದಳು, ಅಂಗಳದಲ್ಲಿ, ಅದೇ ಮುರುಮದ ಮೇಲೆ ಕೂತು. ಅವರು ಪ್ರತಿ ಸಾಲಿನ ಮೇಲೂ ಬೆರಳಿಟ್ಟು ಕೆಳಗಿಳಿಸುತ್ತಾ ಹೋದರು. ಕೊನೆಗೆ ಕೇಳಿದ್ದು ಒಂದೇ:

"ಇದನ್ನ ಕೊಟ್ಟಾಂವಗ ಗೊತ್ತಿತ್ತೇನ್ರಿ ಸರ?"

ಗೊತ್ತಿತ್ತು ಎಂದೆ. ಅವರು ನೋಟ್‌ಬುಕ್ಕು ಮಡಚಿ ಮಗಳ ಕೈಗೆ ಕೊಟ್ಟು, ಇನ್ನೂ ಎಷ್ಟು ಕಂತು ಉಳಿದಾವು ಎಂದರು. ಹತ್ತೊಂಬತ್ತು, ಎಂದಳು ಅವಳು, ಪುಸ್ತಕ ತೆರೆಯದೆ.